ಕಂಟ್ರೋಲರ ಹತ್ತು ಸೆಕೆಂಡು

ಆ ಕ್ಯಾಮೆರಾ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಕಂಟ್ರೋಲರ ಮನೆಯಲ್ಲಿ ಅಷ್ಟು ರಾದ್ಧಾಂತ ಆಗುತ್ತಲೇ ಇರಲಿಲ್ಲ. ಎತ್ತಿ ಅಟ್ಟಕ್ಕೆ ಎಸೆದು ಸುಮ್ಮನಾಗುತ್ತಿದ್ದರು. ಅದು ಚೆನ್ನಾಗಿಯೇ ಇತ್ತು. ನೋಡುತ್ತಿತ್ತು, ಕೇಳಿಸಿಕೊಳ್ಳುತ್ತಿತ್ತು, ಬೇಕೆಂದ ಕಡೆಗೆ ಕತ್ತು ತಿರುಗಿಸುತ್ತಿತ್ತು, ಮನಸ್ಸಾದಾಗ ಮಾತೂ ಆಡುತ್ತಿತ್ತು. ಒಂದೇ ಒಂದನ್ನು ಮಾತ್ರ ಮಾಡಲು ಒಪ್ಪುತ್ತಿರಲಿಲ್ಲ: ಹಳೆಯದನ್ನು ಮರೆಯುವುದು.

ಕಂಟ್ರೋಲರು ಎಂದರೆ ಬಸ್‌ಸ್ಟ್ಯಾಂಡಿನ ಕಂಟ್ರೋಲರು. ಬಂದ ಬಸ್ಸಿನ ನಂಬರು ಬರೆದುಕೊಳ್ಳುವುದು, ಹತ್ತು ನಿಮಿಷ ನಿಲ್ಲಿಸಿಕೊಳ್ಳುವುದು, ವಿಷಲ್ ಊದಿ ಕಳಿಸುವುದು. ಮೂವತ್ತೊಂದು ವರ್ಷ ಇದನ್ನು ಮಾಡಿ ನಿವೃತ್ತರಾಗಿದ್ದರು. ಬೇರೆ ಯಾರಾದರೂ ಮಾಡಿದ್ದರೆ ಅದು ಕೆಲಸ ಎನ್ನಿಸಿಕೊಳ್ಳುತ್ತಿತ್ತು. ಅವರು ಮಾಡಿದ್ದರಿಂದ ಅದು ಆಡಳಿತವಾಗಿತ್ತು.

ಬಸ್‌ಸ್ಟ್ಯಾಂಡಿನ ನೆತ್ತಿಯ ಮೇಲೆ ಒಂದು ದೊಡ್ಡ ಗಡಿಯಾರವಿತ್ತು. ಅವರು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅದು ಆರಕ್ಕೆ ಹತ್ತು ನಿಮಿಷವಿದೆ ಎಂದು ಹೇಳಿ ನಿಂತುಬಿಟ್ಟಿತು. ಸರಿಮಾಡಿಸಿ ಎಂದು ನಾಲ್ಕು ಜನ ಅರ್ಜಿ ಬರೆದಾಗ ಕಂಟ್ರೋಲರೇ ಅಡ್ಡ ಬಂದರು. “ಯಾಕೆ, ನಾನು ಸತ್ತಿದ್ದೀನಾ?” ಎಂದು ಕೇಳಿದರು. ಸತ್ತಿರಲಿಲ್ಲವಾದ್ದರಿಂದ ಅರ್ಜಿ ಅಲ್ಲಿಗೇ ಬಿತ್ತು. ಅವರು ವಾಚನ್ನೂ ನೋಡುತ್ತಿರಲಿಲ್ಲ. ಕೈಯಲ್ಲೊಂದಿತ್ತು, ನಿಜ, ಆದರೆ ಅದಕ್ಕೆ ಬೆಳಿಗ್ಗೆ ಎದ್ದು ಅವರೇ ಟೈಮು ಹೇಳಿಕೊಡುತ್ತಿದ್ದರು. “ಗಡಿಯಾರ ನೋಡಿ ಬಸ್ಸು ಬಿಡೋನು ಗುಮಾಸ್ತ. ಕಂಟ್ರೋಲರ್ ಅಂದ್ರೆ ಟೈಮು ಇಲ್ಲಿರಬೇಕು, ಇಲ್ಲಿ!” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಬಸ್ಸು ಬಂದು ನಿಂತರೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ, ತುಟಿಯಾಡಿಸುತ್ತಾ ಎಣಿಸುವರು. ಎಣಿಕೆ ಮುಗಿದ ಕೂಡಲೇ ವಿಷಲ್. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದವರ ಗತಿ ಅವರವರದು.

ಹೀಗಾಗಿ ಬಸ್ಸಿನ ಹಿಂದೆ ಓಡುವುದೇ ಆ ಊರಿನವರ ನಡಿಗೆಯಾಗಿಹೋಯಿತು. ಚಕ್ರದ ಧೂಳಿನೊಳಗೆ ಕೈ ಬೀಸುತ್ತಾ ನಿಂತವರಿಗೆ ಕಂಟ್ರೋಲರು, “ಈ ಊರಿನ ಜನಕ್ಕೆ ಹೊತ್ತುಗೊತ್ತು ಅನ್ನೋದೇ ಇಲ್ಲ” ಎಂದು ಉಪದೇಶ ಮಾಡುವರು. ಒಂದು ಮಾತನ್ನು ಮೂವತ್ತು ವರ್ಷ ಗಟ್ಟಿಯಾಗಿ ಹೇಳಿದರೆ ಜನ ನಂಬುತ್ತಾರೆ. ಊರು ನಂಬಿತು. ನಾವು ತಡದ ಜನ, ನಮ್ಮಪ್ಪನೂ ತಡ, ನಮ್ಮ ತಾತನೂ ತಡ ಎಂದು ಮಕ್ಕಳಿಗೆ ಹೇಳಿಕೊಟ್ಟಿತು. ಎಲ್ಲರ ಕೈಗೂ ಫೋನು ಬಂದ ಮೇಲೆ ಒಂದಿಬ್ಬರು, “ಸಾರ್, ಫೋನಲ್ಲಿ ಇನ್ನೂ ಮೂರು ನಿಮಿಷ ಇದೆ” ಎಂದು ತೋರಿಸಿದ್ದುಂಟು. ಅದಕ್ಕೂ ಅವರಲ್ಲಿ ಉತ್ತರವಿತ್ತು. “ಫೋನಿನ ಟೈಮು ಟವರಿಂದ ಬರಬೇಕಲ್ಲಪ್ಪ? ಅಷ್ಟು ದೂರದಿಂದ ಬರೋ ಹೊತ್ತಿಗೆ ಮೂರು ನಿಮಿಷ ಹಿಡಿಯುತ್ತೆ.” ಕೇಳಿದವರು ಹೌದಲ್ಲವೇ ಎಂದುಕೊಂಡು ಮನೆಗೆ ಹೋದರು. ಅಂಥ ಊರಿಗೆ ಅಂಥ ಕಂಟ್ರೋಲರು.

ಎದುರುಮನೆಯ ದರ್ಜಿಯದು ಇದರಲ್ಲಿ ಎದ್ದು ಕಾಣುವ ಉದಾಹರಣೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಹೊರಟು, ಬಸ್‌ಸ್ಟ್ಯಾಂಡಿನ ಗೇಟಿನ ಹತ್ತಿರ ಬರುವಾಗ ಬಸ್ಸು ಕಣ್ಣೆದುರೇ ಹೊರಟುಹೋಗಿತ್ತು. ಅಂದಿನಿಂದ ಅವನು ತನ್ನನ್ನು ತಾನು ಸೋಮಾರಿ ಎಂದು ತೀರ್ಮಾನಿಸಿ, ಅದರ ಪ್ರಾಯಶ್ಚಿತ್ತವೆಂಬಂತೆ ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಕಂಟ್ರೋಲರ ಪ್ಯಾಂಟಿಗೆ ಇಸ್ತ್ರಿಯನ್ನೂ ಅವನೇ ಹಾಕಿಕೊಡುತ್ತಿದ್ದ.

ನಿವೃತ್ತಿಯ ನಂತರ ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕಲಿಲ್ಲ. ಕಂಟ್ರೋಲರು ಬೆಳಿಗ್ಗೆ ಸಂಜೆ ತಾವಾಗಿಯೇ ಹೋಗಿ ನಿಂತು ಊದುತ್ತಿದ್ದರು. ಡ್ರೈವರುಗಳು ಅಭ್ಯಾಸಬಲದಿಂದ ಹೊರಡುತ್ತಿದ್ದರು. ಹೀಗೆ ಎರಡು ವರ್ಷ ಕಳೆದ ಮೇಲೆ ಪುರಸಭೆಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಗಡಿಯಾರವನ್ನು ದುರಸ್ತಿ ಮಾಡಿಸಿತು. ವಾರಕ್ಕೊಮ್ಮೆ ಕೀ ಕೊಟ್ಟು ಟೈಮು ಸರಿಯಾಗಿಡಲು ಒಬ್ಬ ಉಸ್ತುವಾರಿ ಬೇಕು ಎಂದು ನೋಟಿಸು ಹಚ್ಚಿತು. ಸಂಬಳವಿಲ್ಲ, ಆದರೆ ಗಡಿಯಾರದ ಕೆಳಗೆ, ಬಂದುಹೋಗುವವರಿಗೆಲ್ಲ ಕಾಣುವ ಹಾಗೆ, ಉಸ್ತುವಾರಿಯ ಹೆಸರಿನ ಬೋರ್ಡು.

ಆ ಬೋರ್ಡಿನ ವಿಷಯ ಓದಿದ ದಿನ ಕಂಟ್ರೋಲರು ಊಟ ಸರಿಯಾಗಿ ಮಾಡಲಿಲ್ಲ. ಮೂವತ್ತೊಂದು ವರ್ಷ ಊದಿದ ವಿಷಲ್ ಗಾಳಿಯಲ್ಲಿ ಹೋಗಿತ್ತು. ಬೋರ್ಡು ಹಾಗೆ ಹೋಗುವುದಿಲ್ಲ. ನೋಟಿಸಿನಲ್ಲಿ ಎರಡು ಷರತ್ತುಗಳಿದ್ದವು. ಒಂದು, ಉಸ್ತುವಾರಿಗೆ ಸಮಯಪ್ರಜ್ಞೆ ಇರಬೇಕು. ಅದನ್ನು ಓದಿ ಅವರು ನಕ್ಕರು. ಎರಡು, ಗಡಿಯಾರದ ಕೋಣೆಯ ಬೀಗದ ಕೈಯನ್ನು ಭದ್ರತೆಯುಳ್ಳ ಮನೆಯಲ್ಲಿಡಬೇಕು; ಇಂಜಿನಿಯರು ಬಂದು ಮನೆ ನೋಡುತ್ತಾರೆ. ಇದನ್ನು ಓದಿ ಅವರು ನಗಲಿಲ್ಲ. ಮರುದಿನವೇ ಅರ್ಜಿ ಹಾಕಿ ಕ್ಯಾಮೆರಾ ತಂದರು.

ಕ್ಯಾಮೆರಾ ಕೂರಿಸಿದವನು ಅವರ ಬಾಮೈದ, ಹೆಂಡತಿಯ ತಮ್ಮ. ಅವನೂ ನಿವೃತ್ತ, ಬಸ್ ಡ್ರೈವರಾಗಿದ್ದವನು. ಬಸ್ಸಿನಲ್ಲಿ ಮೂರು ಗಂಟೆಯ ದಾರಿಯ ಊರಿನವನು. ಅಕ್ಕನನ್ನು ನೋಡಲು ಎರಡು ದಿನಕ್ಕೆ ಬಂದಿದ್ದ. ನಡುಮನೆಯ ಗೋಡೆಗೆ, ಬೀಗದ ಕೈ ನೇತುಹಾಕಲೆಂದು ಹೊಸದಾಗಿ ಹೊಡೆದಿದ್ದ ಮೊಳೆಯ ಎದುರಿಗೆ, ಅದನ್ನು ಕೂರಿಸಿ, “ಭಾವ, ನಿಮ್ಮ ಹಳೇ ಫೋನು ಇದನ್ನ ಹೊರೋದಿಲ್ಲ. ಸದ್ಯಕ್ಕೆ ನನ್ನ ಫೋನಿಗೆ ಹಾಕಿರ್ತೀನಿ, ಹೊಸದು ತಗೊಂಡ್ಮೇಲೆ ಬದಲಾಯ್ಸೋಣ” ಎಂದ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಊಟಕ್ಕೆ ಕೂತಾಗ, ಭಾವ ಗಡಿಯಾರದ ಉಸ್ತುವಾರಿಯಾಗುತ್ತಾರೆ ಎಂದು ಅಕ್ಕ ಹೇಳಿದಳು. ಬಾಮೈದ ನೀರು ಕುಡಿಯುತ್ತಿದ್ದವನು ನಕ್ಕು ನೆತ್ತಿಗೇರಿಸಿಕೊಂಡ.

“ಯಾಕೋ ನಗ್ತೀಯಾ?” ಎಂದರು ಕಂಟ್ರೋಲರು.

“ತಪ್ಪು ತಿಳ್ಕೋಬೇಡಿ ಭಾವ. ಇಷ್ಟು ವರ್ಷ ಹೇಳ್ಬಾರ್ದು ಅಂತಿದ್ದೆ. ನನ್ನ ಬಸ್ಸನ್ನ ನೀವು ಒಂದು ದಿನಾನೂ ಹತ್ತು ನಿಮಿಷ ನಿಲ್ಸಿಲ್ಲ. ಏಳಕ್ಕೇ ಊದ್ತಿದ್ರಿ. ಹಿಂದೆ ಓಡಿ ಬರೋರೆಲ್ಲ ಬೈತಿದ್ದದ್ದು ನನ್ನನ್ನ.”

ಕಂಟ್ರೋಲರು ಎಂಜಲ ಕೈಯಲ್ಲೇ ಎದ್ದು ನಿಂತರು. “ನನ್ನ ಮನೇಲಿ ಕೂತು ನನ್ನ ವಿಷಲ್‌ಗೆ ಕೈ ಹಾಕ್ತೀಯಾ? ಏಳು ಯಾವುದು ಹತ್ತು ಯಾವುದು ಅಂತ ನೀನು ನನಗೆ ಹೇಳಿಕೊಡ್ತೀಯಾ? ಸ್ಟೇರಿಂಗ್ ತಿರುಗಿಸೋನು ನೀನು!”

ಬೆಳಿಗ್ಗೆ ಬಾಮೈದ ಹೇಳದೆ ಹೊರಟುಹೋದ. ಕಂಟ್ರೋಲರು ಮನೆಗೆಲ್ಲ ಆಜ್ಞೆ ಹೊರಡಿಸಿದರು: ಇನ್ನು ಆ ಮನೆಗೆ ಯಾರೂ ಫೋನು ಮಾಡಕೂಡದು. ಮನೆಗೆಲ್ಲ ಎಂದರೆ ಹೆಂಡತಿಯೊಬ್ಬಳೇ. ಆಕೆ ಆಗಲಿ ಎಂದು ತಲೆಯಾಡಿಸಿದಳು.

ಸೋಮವಾರ ಮಧ್ಯಾಹ್ನ ಕಂಟ್ರೋಲರು ನಡುಮನೆಯ ಕುರ್ಚಿಯಲ್ಲಿ ಊಟದ ನಂತರದ ನಿದ್ದೆಯಲ್ಲಿದ್ದರು. ಗೋಡೆ ಗಂಟಲು ಸರಿಮಾಡಿಕೊಂಡಿತು.

“ಭಾವಾ, ಬಾಯಿ ಮುಚ್ಕೊಳ್ಳಿ. ನೊಣ ಹೋಗುತ್ತೆ.”

ಕಂಟ್ರೋಲರು ಕುರ್ಚಿಯಿಂದ ಎದ್ದವರು ಬೀದಿಯಲ್ಲಿ ನಿಂತರು. ನಡುವೆ ಬಾಗಿಲು ದಾಟಿದ್ದು ಅವರಿಗೆ ನೆನಪಿಲ್ಲ. ಹೆಂಡತಿ ಹೊರಬಂದು, “ನಮ್ಮ ತಮ್ಮ ಕಣ್ರೀ. ಅದರೊಳಗಿಂದ ಮಾತಾಡಬಹುದಂತೆ” ಎಂದಳು.

“ನೋಡೋಕೂ ಆಗುತ್ತಾ?”

“ನೋಡದೆ ನಿಮ್ಮ ಬಾಯಿ ತೆಗೆದಿದ್ದು ಹೇಗೆ ಗೊತ್ತಾಗುತ್ತೆ?”

ಗುರುವಾರ ಸಂಜೆ ನಾಲ್ಕಕ್ಕೆ ಇಂಜಿನಿಯರು ಬರುವುದಿತ್ತು. ಶತ್ರುವಿನ ಕಣ್ಣು ನಡುಮನೆಯ ಗೋಡೆಯ ಮೇಲೆ ಕೂತಿತ್ತು. ತಂತಿ ಕಿತ್ತುಹಾಕಿದರೆ ಭದ್ರತೆ ಎಲ್ಲಿಂದ ತೋರಿಸುವುದು? ಹಾಗೇ ಬಿಟ್ಟರೆ ಅದು ಇಂಜಿನಿಯರ ಎದುರಿಗೆ ಏನು ಹೇಳೀತು? ಕಂಟ್ರೋಲರು ಹೊಸ ಫೋನು ಕೊಂಡರು, ಕ್ಯಾಮೆರಾದ ಡಬ್ಬಿಯೊಳಗಿನ ಕಾಗದ ತೆಗೆದು ಕನ್ನಡಕ ಏರಿಸಿದರು. ಕ್ಯಾಮೆರಾದ ತಳದ ಸಣ್ಣ ತೂತಿನಲ್ಲಿ ಪಿನ್ನು ತೂರಿಸಿ, ಹತ್ತು ಸೆಕೆಂಡು ಒತ್ತಿ ಹಿಡಿದು ಬಿಡಬೇಕು. ಬಿಟ್ಟಾಗ ಕೆಂಪು ದೀಪ ನೀಲಿಯಾದರೆ ರೀಸೆಟ್ ಆಯಿತು. ಹಳೆಯ ಫೋನಿನ ಹಂಗು ಕಳೆಯಿತು. ಹತ್ತು ಸೆಕೆಂಡು! ಕಂಟ್ರೋಲರು ಕಾಗದವನ್ನು ಪ್ರೀತಿಯಿಂದ ಮಡಚಿದರು. ಇದು ತಮಗಾಗಿಯೇ ಮಾಡಿದ ಯಂತ್ರ ಎನ್ನಿಸಿತು.

ದರ್ಜಿ ತನ್ನ ಕಾಲರಿನಿಂದ ಒಂದು ಗುಂಡುಸೂಜಿ ಕಿತ್ತುಕೊಟ್ಟ. ಸ್ಟೂಲನ್ನೂ ಹಿಡಿದುಕೊಂಡ. ಕಂಟ್ರೋಲರು ಹತ್ತಿ ನಿಂತು, ಸೂಜಿ ತೂರಿಸಿ, ಕಣ್ಣು ಅರ್ಧ ಮುಚ್ಚಿ ಎಣಿಸಿದರು. “...ಎಂಟು, ಒಂಬತ್ತು, ಹತ್ತು!” ಬಿಟ್ಟರು. ಕೆಂಪು ಕೆಂಪಾಗಿಯೇ ಇತ್ತು.

“ಮತ್ತೊಂದ್ಸಲ ನೋಡಿ ಭಾವ,” ಎಂದಿತು ಕ್ಯಾಮೆರಾ, ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿ.

ಸಂಜೆಯೊಳಗೆ ಹದಿನೇಳು ಸಲ ಒತ್ತಿದರು. ದರ್ಜಿ ಸ್ಟೂಲು ಬಿಟ್ಟು ಅಂಗಡಿಗೆ ಹೋಗಿ ಎರಡು ಗುಂಡಿ ಹೊಲಿದು ಬಂದ. “ಯಂತ್ರಗಳೂ ಈ ಊರಿಗೆ ಬಂದ್ರೆ ಸೋಮಾರಿಗಳಾಗ್ತವೆ” ಎಂದರು ಕಂಟ್ರೋಲರು ಅವನತ್ತ ನೋಡಿ. ದರ್ಜಿ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ.

ಮಂಗಳವಾರ ವೈರ್‌ಮನ್ ಬಂದ. ಗೋಡೆ ಕುಟ್ಟಿ ನೋಡಿದ, ತಂತಿ ಮೂಸಿ ನೋಡಿದ, ಮೂಸಿದ ಮೇಲೆ ಹೂಂ ಎಂದ. ಸೂಜಿ ತೆಗೆದುಕೊಂಡು ಸ್ಟೂಲು ಹತ್ತಿದ.

“ನೀನು ಒತ್ತು. ಎಣಿಸೋದು ನಾನು” ಎಂದರು ಕಂಟ್ರೋಲರು.

“ಅಷ್ಟು ನಾನೂ ಎಣಿಸ್ತೀನಿ ಸಾರ್.”

“ನೀನು ಎಣಿಸ್ತೀಯಾ? ಹೋದ ತಿಂಗಳು ಫ್ಯಾನ್ ರಿಪೇರಿಗೆ ಅರ್ಧ ಗಂಟೇಲಿ ಬರ್ತೀನಿ ಅಂದೋನು ಯಾವಾಗ ಬಂದೆ?”

ವೈರ್‌ಮನ್ ಬಾಯಿ ಮುಚ್ಚಿಕೊಂಡು ಒತ್ತಿದ. ಕಂಟ್ರೋಲರು ಹತ್ತು ಎಂದರು, ಅವನು ಬಿಟ್ಟ. ಕೆಂಪು.

“ಸಾರ್, ಇನ್ನೊಂಚೂರು ಹಿಡ್ಕೊಂಡು ನೋಡ್ಲಾ?”

“ಹತ್ತು ಅಂದ್ರೆ ಹತ್ತು! ಹನ್ನೊಂದಕ್ಕೆ ಒಳಗಡೆ ಏನಾದ್ರೂ ಸುಟ್ಟುಹೋದ್ರೆ?”

ಸುಡುವ ಮಾತು ಕೇಳಿ ವೈರ್‌ಮನ್ನಿಗೆ ತನ್ನ ವಿದ್ಯೆ ನೆನಪಾಯಿತು. ಗೋಡೆಯ ತೇವ ಒಳಗೆ ಇಳಿದಿದೆ, ಇದು ಪ್ಲಗ್ಗಿನ ದೋಷ ಎಂದು ಘೋಷಿಸಿ, ಚೆನ್ನಾಗಿದ್ದ ಪ್ಲಗ್ಗನ್ನು ಕಿತ್ತು ಇನ್ನೊಂದು ಹಾಕಿದ. ಗೋಡೆಯಲ್ಲಿ ಇದ್ದ ತೂತಿನ ಪಕ್ಕ ಇನ್ನೆರಡು ತೂತು ಕೊರೆದ. ಗೊತ್ತಿಲ್ಲ ಎನ್ನುವ ಒಂದು ಮಾತು ಬಿಟ್ಟು ಅವನಿಗೆ ಎಲ್ಲ ಬರುತ್ತಿತ್ತು.

ಬುಧವಾರ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

“ಹತ್ತು ಸೆಕೆಂಡ್ ಪೂರ್ತಿ ಒತ್ತಿದ್ರಾ ಸರ್?”

“ಯಾರನ್ನ ಕೇಳ್ತಿದ್ದೀರಿ ಗೊತ್ತಾ? ಮೂವತ್ತೊಂದು ವರ್ಷ ಕಂಟ್ರೋಲರ್!”

“ಸಂತೋಷ ಸರ್. ಗಡಿಯಾರ ನೋಡ್ಕೊಂಡು ಎಣಿಸಿದ್ರಾ?”

“ಗಡಿಯಾರಗಳು ನನ್ನನ್ನ ನೋಡ್ಕೊಂಡು ಓಡ್ತವೆ ತಾಯಿ.”

“ಆಯ್ತು ಸರ್. ಒಂದು ಕೆಲಸ ಮಾಡೋಣ. ನೀವು ಒತ್ತಿ ಹಿಡೀರಿ, ನಾನು ಇಲ್ಲಿಂದ ಎಣಿಸ್ತೀನಿ. ನಾನು ಹೇಳೋವರೆಗೂ ಬಿಡ್ಬೇಡಿ. ಒಂದು... ಎರಡು... ಮೂರು...”

ಕಂಟ್ರೋಲರು ಒತ್ತಿ ಹಿಡಿದರು. ಒಳಗೊಳಗೇ ತಮ್ಮ ಎಣಿಕೆಯನ್ನೂ ನಡೆಸಿದರು. ಅವಳು ಏಳು ಎನ್ನುವ ಹೊತ್ತಿಗೆ ಇವರದು ಹತ್ತಾಯಿತು. ಕೈ ತಾನಾಗಿ ಬಿಟ್ಟಿತು.

“ಎಂಟು... ಸರ್? ಬಿಟ್ಬಿಟ್ರಾ? ಈ ಕಡೆ ಸಿಗ್ನಲ್ ಹೋಯ್ತು.”

“ಅಮ್ಮಾ, ನೀವು ತುಂಬ ನಿಧಾನ. ಎಮ್ಮೆ ಮೇವು ಮೆಲ್ಲೋ ಹಾಗೆ ಎಣಿಸ್ತೀರಿ. ನಿಮ್ಮ ಕಂಪನಿ ಉದ್ಧಾರ ಆಗಲ್ಲ” ಎಂದು ಫೋನಿಟ್ಟರು. ಆ ಮೇಲೆ ಕೂತು, ಸಹಾಯವಾಣಿಯ ಸಿಬ್ಬಂದಿಗೆ ಎಣಿಸಲು ಬರುವುದಿಲ್ಲವೆಂದು ಎರಡು ಪುಟದ ದೂರು ಬರೆದರು.

ಈ ಮೂರು ದಿನವೂ ಹೆಂಡತಿ ಒಂದು ಮಾತೂ ಆಡಲಿಲ್ಲ. ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಕಂಟ್ರೋಲರಿಗೆ ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆಯಾಗಬೇಕು, ಹಳದಿ ಭಾಗ ಗಟ್ಟಿಯಾಗಿರಬೇಕು. ನೀರು ಕುದಿಯತೊಡಗಿದಾಗಿನಿಂದ ಹತ್ತು ನಿಮಿಷವನ್ನು ಅವರೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಣಿಸಿ, “ಆಯ್ತು, ಇಳಿಸು!” ಎಂದು ಆಜ್ಞಾಪಿಸಿ ಹೋಗುತ್ತಿದ್ದರು. ಆಕೆ ಹೂಂ ಎನ್ನುವಳು, ಒಲೆಯ ಹತ್ತಿರವೇ ನಿಂತಿರುವಳು. ತಟ್ಟೆಗೆ ಬಂದ ಮೊಟ್ಟೆಯನ್ನು ಕೊಯ್ದು ಕಂಟ್ರೋಲರು, “ನೋಡು, ಟೈಮಿಗೆ ಇಳಿಸಿದ್ರೆ ಹೇಗೆ ಬೇಯುತ್ತೆ!” ಎಂದು ಮೂವತ್ತು ವರ್ಷದಿಂದ ಬೆರಗಾಗುತ್ತಿದ್ದರು.

ಸುಮ್ಮನಿರಲು ಆಕೆಗೆ ಬೇರೆ ಕಾರಣವಿತ್ತು. ಸಂಜೆ ಗಂಡ ಬಸ್‌ಸ್ಟ್ಯಾಂಡಿಗೆ ಹೊರಟಮೇಲೆ ಆಕೆ ಸ್ಟೂಲನ್ನು ಕ್ಯಾಮೆರಾದ ಕೆಳಗೆ ಎಳೆದುಕೊಂಡು, ಮೊರದಲ್ಲಿ ಕಾಳು ಹಾಕಿಕೊಂಡು ಕೂರುವಳು. “ಏನೋ, ಉಂಡ್ಯಾ?” ಎಂದು ಗೋಡೆಯನ್ನು ಕೇಳುವಳು. ಗೋಡೆ ಎಲ್ಲ ಹೇಳುವುದು: ಅಮ್ಮನ ಮೊಣಕಾಲು ನೋವು ಹೇಗಿದೆ, ನಾದಿನಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಹಿತ್ತಲಿನ ನಿಂಬೆಗಿಡ ಕಾಯಿ ಬಿಟ್ಟಿತೋ ಇಲ್ಲವೋ. ಕಲ್ಲು ಆರಿಸುತ್ತಾ ಆಕೆ ನಗುವಳು. ಆ ಮನೆಗೆ ಫೋನು ಮಾಡಕೂಡದು ಎಂದು ಗಂಡ ಹೇಳಿದ್ದ. ಆಕೆ ಒಮ್ಮೆಯೂ ಮಾಡಲಿಲ್ಲ. ಗಂಡನ ಮಾತು ಮೀರುವ ಹೆಂಗಸಲ್ಲ ಆಕೆ. ಕ್ಯಾಮೆರಾ ರೀಸೆಟ್ ಆದರೆ ಈ ಕಾಳು ಆರಿಸುವ ಹೊತ್ತೂ ಹೋಗುತ್ತಿತ್ತು.

ಗುರುವಾರ ಬಂತು. ನಡುಮನೆ ಗುಡಿಸಿ ಒರೆಸಿ, ಕ್ಯಾಮೆರಾದ ತಲೆಗೆ ಚಳಿಗಾಲದ ಉಣ್ಣೆಯ ಟೋಪಿಯೊಂದನ್ನು ಕಂಟ್ರೋಲರು ಕಿವಿಯವರೆಗೆ ಎಳೆದು ಹಾಕಿದರು. ದರ್ಜಿ ಇಸ್ತ್ರಿ ಮಾಡಿದ ಪ್ಯಾಂಟು ತಂದುಕೊಟ್ಟು, ಮುಂದೇನಾಗುತ್ತದೋ ನೋಡೋಣವೆಂದು ಬಾಗಿಲ ಬಳಿ ನಿಂತ. ಇಂಜಿನಿಯರು ಒಳಗೆ ಕಾಲಿಟ್ಟಾಗ ಕಂಟ್ರೋಲರು ಕಣ್ಣು ಅರ್ಧ ಮುಚ್ಚಿ ತೆಗೆದು ನಾಲಿಗೆಯಿಂದ ಲೊಚಗುಟ್ಟಿದರು.

“ಮೂರು ನಿಮಿಷ ತಡ ಆಯ್ತು ಸಾಹೇಬ್ರೇ.”

ಇಂಜಿನಿಯರು ಕಡಿಮೆ ಮಾತಿನ ಮನುಷ್ಯ. ತಮ್ಮ ವಾಚು ನೋಡಿದರು, ಫೋನು ನೋಡಿದರು, ಏನೋ ಹೇಳಹೊರಟು ಬಿಟ್ಟು ಕುರ್ಚಿಯಲ್ಲಿ ಕೂತರು. ಹೆಂಡತಿ ಟೀ ತಂದಿಟ್ಟಳು. ಮೊಳೆ ನೋಡಿದರು, ಬಾಗಿಲ ಚಿಲಕ ನೋಡಿದರು, ಆಮೇಲೆ ಟೋಪಿ ನೋಡಿದರು.

“ಅದೇನು?”

“ಕ್ಯಾಮೆರಾ. ಅತ್ಯಾಧುನಿಕ. ಧೂಳು ಕೂರಬಾರದು ಅಂತ...”

“ನಮಸ್ಕಾರ ಸಾರ್,” ಎಂದಿತು ಟೋಪಿ.

ಇಂಜಿನಿಯರ ಟೀ ತಟ್ಟೆಗೆ ಚೆಲ್ಲಿತು. “ಯಾರದು?”

“ಇವರ ಬಾಮೈದ ಸಾರ್, ನಿವೃತ್ತ ಡ್ರೈವರು. ಇವರ ವಿಷಲ್‌ಗೆ ಬಸ್ಸು ಬಿಟ್ಟೋನು. ಟೋಪಿ ಒಳಗಡೆ ಸೆಖೆ ಸಾರ್, ಸ್ವಲ್ಪ ತೆಗೆಸಿ.”

ದರ್ಜಿ ಬಾಗಿಲಲ್ಲೇ ಬಾಯಿಗೆ ಕೈಯಿಟ್ಟುಕೊಂಡ. ಇಂಜಿನಿಯರು ಎದ್ದು ತಾವೇ ಟೋಪಿ ತೆಗೆದರು. ಕ್ಯಾಮೆರಾ ಕತ್ತು ತಿರುಗಿಸಿ ಎಲ್ಲರನ್ನೂ ಒಂದು ಸುತ್ತು ನೋಡಿತು.

“ಅಲ್ಲ ಕಂಟ್ರೋಲರೇ, ಬೀಗದ ಕೈ ನೇತುಹಾಕೋ ಜಾಗ ಬೇರೆ ಊರಲ್ಲಿ ಕೂತೋರಿಗೆಲ್ಲ ಕಾಣುತ್ತಲ್ಲ? ಇದಕ್ಕೆ ಭದ್ರತೆ ಅಂತೀರಾ?” ಎಂದರು ಇಂಜಿನಿಯರು.

“ಈಗ್ಲೇ, ನಿಮ್ಮ ಕಣ್ಣೆದುರೇ ಅದನ್ನ ಕಿತ್ತುಹಾಕ್ತೀನಿ. ಹತ್ತು ಸೆಕೆಂಡಿನ ಕೆಲಸ!” ಕಂಟ್ರೋಲರು ಸ್ಟೂಲು ಎಳೆದರು. ದರ್ಜಿ ಓಡಿಬಂದು ಹಿಡಿದುಕೊಂಡ. ಸೂಜಿ ತೂರಿತು. “ಒಂದು, ಎರಡು, ಮೂರು...” ಧ್ವನಿಯಲ್ಲಿ ಬಸ್‌ಸ್ಟ್ಯಾಂಡಿನ ಗತ್ತಿತ್ತು. “...ಹತ್ತು!”

ಕೆಂಪು.

ಇಂಜಿನಿಯರು ವಾಚಿನಿಂದ ಕಣ್ಣೆತ್ತಿದರು. “ಏಳೇ ಆಯ್ತಲ್ಲ.”

“ನಿಮ್ಮ ವಾಚು ನಿಧಾನ ಸಾಹೇಬ್ರೇ. ಸರ್ಕಾರಿ ವಾಚುಗಳೆಲ್ಲ ಹಾಗೇ.”

“ಸಾರ್,” ಎಂದಿತು ಕ್ಯಾಮೆರಾ, “ಸೋಮವಾರದಿಂದ ಇದು ನಲವತ್ತಾರನೇ ಸಲ. ಎಲ್ಲ ರೆಕಾರ್ಡ್ ಆಗಿದೆ, ಮೂಲೇಲಿ ಸೆಕೆಂಡೂ ಬರುತ್ತೆ. ಒಂದ್ಸಲನೂ ಏಳು ದಾಟಿಲ್ಲ. ನಂಬರ್ ಹೇಳಿ, ನಲವತ್ತಾರನ್ನೂ ನಿಮ್ಮ ಫೋನಿಗೆ ಕಳಿಸ್ತೀನಿ. ಪುರಸಭೆಯಲ್ಲಿ ಎಲ್ರೂ ಕೂತ್ಕೊಂಡು ನೋಡಿ...”

ಕಂಟ್ರೋಲರು ಸ್ಟೂಲಿನ ಮೇಲೆ ಹಾಗೆಯೇ ನಿಂತಿದ್ದರು. ಮುಖದ ಬಣ್ಣ ಹೋಗಿತ್ತು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. “ಇಳೀರಿ” ಎಂದಳು. ಅವರು ಇಳಿದರು. ಸೂಜಿ ತೆಗೆದುಕೊಂಡು ಆಕೆ ಹತ್ತಿದಳು. ಒಂದು ಗಳಿಗೆ ಆ ಗಾಜಿನ ಕಣ್ಣನ್ನು ನೋಡಿದಳು.

“ಸಾಕು ಕಣೋ. ಇದು ಮನೆ ಮಾತು, ಮನೇಲೇ ಇರಲಿ.” ಆಮೇಲೆ ಗಂಡನತ್ತ ತಿರುಗಿ, “ಎಣಿಸ್ರೀ” ಎಂದಳು.

“ಅಕ್ಕಾ, ಬೇಡ ಕಣೇ! ನೀನು ಒತ್ತಿದ್ರೆ ಅದು...”

ಕಂಟ್ರೋಲರು ಎಣಿಸಿದರು. ಹತ್ತು ಎಂದರು. ಆಕೆ ಬಿಡಲಿಲ್ಲ. ಹತ್ತು ಎಂದು ಇನ್ನೊಮ್ಮೆ ಗಟ್ಟಿಯಾಗಿ ಎಂದರು. ಆಕೆಯ ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಆ ಮೂರು ಸೆಕೆಂಡು ಎಷ್ಟು ಉದ್ದ ಎಂದು ಆ ಊರಿನವರಿಗೆ ಮೊದಲ ಸಲ ಗೊತ್ತಾಗುತ್ತಿತ್ತು. ಆಕೆ ಬೆರಳು ತೆಗೆದಳು.

ಟಿಣ್ ಎಂದಿತು. ದೀಪ ನೀಲಿಯಾಯಿತು. ತಮ್ಮನ ಧ್ವನಿ ನಿಂತುಹೋಯಿತು. ಜೊತೆಗೆ ನಡುಮನೆಯೂ ಖಾಲಿಯಾದಂತಾಯಿತು.

“ನೋಡಿದ್ರಾ?” ಎಂದರು ಕಂಟ್ರೋಲರು, ಹೋದ ಬಣ್ಣ ಅಷ್ಟರಲ್ಲೇ ಮರಳಿ ಬಂದಿತ್ತು. “ನನ್ನ ಎಣಿಕೆಗೇ ಬಂತು! ಇವಳು ಬಿಡೋದು ಸ್ವಲ್ಪ ತಡ ಮಾಡಿದ್ಲು, ಅಷ್ಟೇ. ಈ ಊರಿನ ನೀರು ಕುಡಿದವಳಲ್ವಾ.”

ಇಂಜಿನಿಯರು ಹೆಂಡತಿಯನ್ನು ಕೇಳಿದರು, “ಅಮ್ಮಾ, ನೀವು ಹೇಗೆ ಎಣಿಸಿದ್ರಿ?”

“ಏನಿಲ್ಲ ಸಾರ್. ಇವರು ಹತ್ತು ಅಂದ ಮೇಲೆ ಮೂರು ಸೇರಿಸ್ತೀನಿ. ಮದುವೆ ಆದಾಗಿಂದ ಹಾಗೇ. ಇಲ್ದಿದ್ರೆ ಮೊಟ್ಟೆ ಬೇಯೋದಿಲ್ಲ.”

ಇಂಜಿನಿಯರು ಫೈಲು ತೆರೆದು ಏನೋ ಬರೆದುಕೊಂಡರು. ಅವರು ಹೊರಟುಹೋದ ಮೇಲೂ ದರ್ಜಿ ಸ್ಟೂಲು ಬಿಟ್ಟಿರಲಿಲ್ಲ.

“ಸಾಹೇಬ್ರೇ, ಒಂದು ಮಾತು. ಆವತ್ತು, ನನ್ನ ಪರೀಕ್ಷೆ ದಿನ, ನಾನು ಗೇಟಿನ ಹತ್ರ ಇದ್ದೆ. ಆವತ್ತು ನಾನು ತಡ ಆಗಿರ್ಲಿಲ್ಲ ಅಲ್ವಾ?”

“ಮೂವತ್ತು ವರ್ಷದ ಹಿಂದಿನ ಟ್ರಿಪ್‌ಶೀಟು ಈಗ ಎಲ್ಲಿ ಹುಡುಕ್ಲಯ್ಯ?” ಎಂದರು ಕಂಟ್ರೋಲರು, ಹೊಸ ಫೋನಿನ ಗಾಜು ಒರೆಸುತ್ತಾ. “ಅದೂ ಅಲ್ದೆ ನೀನು ಅರ್ಧ ಗಂಟೆ ಮುಂಚೆ ಬಂದಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ.”

ದರ್ಜಿ ಕೈ ಚಾಚಿ, “ನನ್ನ ಗುಂಡುಸೂಜಿ” ಎಂದ. ಆಕೆ ಕೊಟ್ಟಳು. ಅದನ್ನು ಕಾಲರಿಗೆ ಸಿಕ್ಕಿಸಿಕೊಂಡು ಹೊರಟುಹೋದ. ಆ ವಾರದಿಂದ ಕಂಟ್ರೋಲರ ಪ್ಯಾಂಟಿನ ಇಸ್ತ್ರಿ ನಿಂತಿತು.

ಎಂಟು ದಿನಕ್ಕೆ ಪುರಸಭೆಯ ಆದೇಶ ಬಂತು. ಗಡಿಯಾರದ ಉಸ್ತುವಾರಿಯ ಜಾಗದಲ್ಲಿ ಹೆಂಡತಿಯ ಹೆಸರಿತ್ತು. ಕಂಟ್ರೋಲರು ಮೂರು ಸಲ ಓದಿ, ಬೀದಿಗೆ ಬಂದು, ಟೈಪಿಸ್ಟನ ತಪ್ಪು ಎಂದು ಎಲ್ಲರಿಗೂ ವಿವರಿಸಿದರು. “ಅರ್ಜಿ ನಂದು, ವಿಳಾಸ ನಂದು, ಅನುಭವ ನಂದು. ಹೆಸರು ಮಾತ್ರ ಇವಳದು ಬಿದ್ದಿದೆ. ಸರ್ಕಾರದಲ್ಲಿ ಇದೆಲ್ಲ ಇದ್ದದ್ದೇ.” ತಿದ್ದುಪಡಿಗೆ ಅರ್ಜಿ ಬರೆದು ಹಾಕಿದರು. ಅದು ಮಂಜೂರಾಗಿ ಬರುವವರೆಗೆ ಹೆಂಡತಿ ಕೀ ಕೊಡಬಹುದು ಎಂದು ಅನುಮತಿಯನ್ನೂ ದಯಪಾಲಿಸಿದರು. ಬೋರ್ಡು ಬರೆಯುವವನು ತಿದ್ದುಪಡಿಗೆ ಕಾಯಲಿಲ್ಲ.

ಬೀಗದ ಕೈ ಈಗ ಮೊಳೆಯ ಮೇಲಿದೆ. ಕ್ಯಾಮೆರಾವನ್ನು ಕಂಟ್ರೋಲರ ಹೊಸ ಫೋನಿಗೆ ಹಾಕಬೇಕೆಂದಿತ್ತು. ಅದೂ ಹತ್ತು ಸೆಕೆಂಡು ಒತ್ತುವ ಕೆಲಸವಾದ್ದರಿಂದ ಕೊನೆಗೆ ಹೆಂಡತಿಯೇ ಒತ್ತಿ, ತನ್ನ ಫೋನಿಗೆ ಹಾಕಿಕೊಂಡಳು. ಅದರಲ್ಲಿ ಇನ್ನೊಬ್ಬರಿಗೂ ನೋಡಲು, ಮಾತಾಡಲು ಅನುಮತಿ ಕೊಡಬಹುದಂತೆ. ಸಂಜೆ ಗಂಡ ಹೊರಟಮೇಲೆ ಆಕೆ ಮೊರ ಹಿಡಿದು ಕ್ಯಾಮೆರಾದ ಕೆಳಗೆ ಸ್ಟೂಲು ಎಳೆದುಕೊಳ್ಳುತ್ತಾಳೆ.

ಮೊದಲ ಸೋಮವಾರ ಬೆಳಿಗ್ಗೆ ಆಕೆ ಬಸ್‌ಸ್ಟ್ಯಾಂಡಿನ ಮೇಲಿನ ಕೋಣೆಗೆ ಹತ್ತಿ, ಗಡಿಯಾರಕ್ಕೆ ಕೀ ಕೊಟ್ಟು ಟೈಮು ಸರಿಯಾಗಿಟ್ಟಳು. ಮೂವತ್ತೆರಡು ವರ್ಷದಿಂದ ಆರಕ್ಕೆ ಹತ್ತು ನಿಮಿಷದಲ್ಲಿ ಸಿಕ್ಕಿಕೊಂಡಿದ್ದ ಮುಳ್ಳುಗಳು ಸರಿದವು. ಕೆಳಗೆ ಕಂಟ್ರೋಲರು ಕೈ ಬೆನ್ನಿಗೆ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ, ತುಟಿಯಾಡಿಸುತ್ತಿದ್ದರು. ಬಸ್ಸು ಬಂದು ನಿಂತಿತ್ತು. ದೂರದ ಬೀದಿಯಿಂದ ದರ್ಜಿ, ಹೊಲಿದ ಬಟ್ಟೆಗಳ ಗಂಟು ಬಗಲಲ್ಲಿಟ್ಟುಕೊಂಡು, ಊರಿನ ಅಭ್ಯಾಸದಂತೆ ಓಡುತ್ತಾ ಬರುತ್ತಿದ್ದ.

ಕಂಟ್ರೋಲರು ವಿಷಲ್ ಊದಿದರು.

ಡ್ರೈವರು ಗೇರಿಗೆ ಕೈ ಹಾಕಿದವನು, ಒಮ್ಮೆ ತಲೆ ಹೊರಹಾಕಿ ಮೇಲೆ ನೋಡಿದ. ಗೇರಿನಿಂದ ಕೈ ತೆಗೆದ. ಕಂಟ್ರೋಲರು ಇನ್ನೊಮ್ಮೆ ಊದಿದರು. ಡ್ರೈವರು ಎಲೆ ಅಡಿಕೆ ಜಗಿಯುತ್ತಾ ಸುಮ್ಮನೆ ಕೂತ.

ಗೇಟಿನ ಹತ್ತಿರ ಬಂದ ದರ್ಜಿ ಗಡಿಯಾರ ನೋಡಿದ, ಬಸ್ಸು ನೋಡಿದ, ಓಡುವುದನ್ನು ನಿಲ್ಲಿಸಿದ. ಗಂಟನ್ನು ಈ ಬಗಲಿನಿಂದ ಆ ಬಗಲಿಗೆ ಬದಲಾಯಿಸಿಕೊಂಡು, ಕಂಟ್ರೋಲರ ಮುಂದೆಯೇ ನಿಧಾನವಾಗಿ ನಡೆದುಹೋಗಿ, ಕಿಟಕಿಯ ಪಕ್ಕದ ಸೀಟು ನೋಡಿ ಕೂತ.